ನಾಯಿ ಯಾರದೆಂದು ಕೇಳಿದ ಚಳಿಗಾಲ

ಮೊನ್ನೆ ದೆಹಲಿಯ ಜನಕಪುರಿಯ ನಮ್ಮ ಗಲ್ಲಿಯಲ್ಲಿ ಎದುರು ಮನೆಯ ಹುಡುಗಿ ತನ್ನ ನಾಯಿಮರಿಯ ಹಗ್ಗವನ್ನು ನನ್ನ ಕಡೆ ಚಾಚಿ, "ಅಂಕಲ್, ಏಕ್ ಮಿನಿಟ್ ಪಕಡ್ ಲೀಜಿಯೇ" ಎಂದಳು. ಅವಳ ಚಪ್ಪಲಿಯ ಪಟ್ಟಿ ಕಿತ್ತುಬಂದಿತ್ತು. ಮರಿ ನನ್ನ ಬೂಟಿಗಿಂತ ಸ್ವಲ್ಪವೇ ದೊಡ್ಡದು, ಕೆಂಪು ಸ್ವೆಟರ್ ತೊಟ್ಟು ಚಳಿಗೆ ನಡುಗುತ್ತಿತ್ತು. ನಾನು ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು, "ಬೆನ್ನು ನೋವು ಬೇಟಾ" ಎಂದುಬಿಟ್ಟೆ. ಹಗ್ಗ ಹಿಡಿಯುವುದಕ್ಕೂ ಬೆನ್ನಿಗೂ ಏನು ಸಂಬಂಧವೆಂದು ಅವಳು ಕೇಳಲಿಲ್ಲ. ಐವತ್ತು ದಾಟಿದವರ ಬೆನ್ನಿನ ಬಗ್ಗೆ ಈ ಊರಿನ ಮಕ್ಕಳಿಗೆ ಬಹಳ ಗೌರವ. ಮಂಜಿಗೆ ಒದ್ದೆಯಾದ ಉಣ್ಣೆ, ಅದರೊಳಗಿನ ನಾಯಿಯ ಮೈವಾಸನೆ ಎರಡೂ ಸೇರಿ ಮೂಗಿಗೆ ಬಡಿಯಿತು. ಘಾಜಿಯಾಬಾದಿನ ಆ ಚಳಿಗಾಲ ಇಡಿಯಾಗಿ ಹಿಂತಿರುಗಿ ಬರಲು ಅಷ್ಟು ಸಾಕಾಯಿತು.

ಆಗ ನಾವು ಘಾಜಿಯಾಬಾದಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿದ್ದೆವು. ದೆಹಲಿಯಲ್ಲಿ ಮನೆ ಕೊಳ್ಳಲಾಗದವರು ದೆಹಲಿಯ ಅಂಚಿಗೆ ಬಂದು ಆಕಾಶಕ್ಕೆ ಹತ್ತಿ ಕೂರುವ ಜಾಗ ಅದು. ನಾವು ಹತ್ತಿದ್ದು ಹನ್ನೊಂದನೆಯ ಮಹಡಿಗೆ. ನನ್ನ ಕೆಲಸ ಬೆಂಕಿ ಆರಿಸುವ ಸಲಕರಣೆ ಮಾರುವ ಕಂಪನಿಯಲ್ಲಿ. ನಿಮ್ಮ ಕಟ್ಟಡ ಹೇಗೆಲ್ಲ ಹೊತ್ತಿ ಉರಿಯಬಹುದು ಎಂದು ಜನರಿಗೆ ತಾಳ್ಮೆಯಿಂದ ವಿವರಿಸುವುದಕ್ಕೆ ನನಗೆ ಸಂಬಳ. ಹುಟ್ಟಿನಿಂದಲೇ ಆತಂಕ ಅಂಟಿಸಿಕೊಂಡು ಬಂದವನಿಗೆ ಇದಕ್ಕಿಂತ ಒಗ್ಗುವ ಉದ್ಯೋಗ ಸಿಗಲಾರದು. ಮನೆಗೆ ಬಂದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಗ್ಯಾಸಿನ ವಾಲ್ವು, ಬಾಲ್ಕನಿಯ ಕಂಬಿ, ಮಗಳ ಮೆಟ್ರೊ, ನನ್ನ ಸಕ್ಕರೆ, ಎಲ್ಲದರ ಸುತ್ತಲೂ ಒಂದು ಸುತ್ತು ಹಾಕಿಯೇ ಮಲಗಬೇಕು. "ನಿಮಗೆ ಚಿಂತೆ ಇಲ್ಲದಿದ್ರೆ ಅದೇ ಒಂದು ಚಿಂತೆ ಆಗತ್ತೆ ಕಣ್ರೀ" ಎಂದು ಹೆಂಡತಿ ಸುಧಾ ಹೇಳುತ್ತಿದ್ದಳು.

ಆ ಕಟ್ಟಡದಲ್ಲಿ ಕನ್ನಡ ಮಾತಾಡುವ ಇನ್ನೊಂದೇ ಜೀವ ಆರನೆಯ ಮಹಡಿಯ ಗಿರಿಜಮ್ಮ. ಹಾಗೆ ನಾವು ಅಂದುಕೊಂಡಿದ್ದೆವು. ದಾವಣಗೆರೆಯ ಕಡೆಯವರು, ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಬಂದು ಇದ್ದರು. ಅಳಿಯ ವಿಕ್ರಮ್ ಪಂಜಾಬಿ, ಒಳ್ಳೆಯ ಮನುಷ್ಯ, ಆದರೆ ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಮಗಳು ಅವನೊಡನೆ ಹಿಂದಿಯಲ್ಲಿ, ಆಫೀಸಿನೊಡನೆ ಇಂಗ್ಲಿಷಿನಲ್ಲಿ ಬದುಕುತ್ತಿದ್ದಳು. ಮೊಮ್ಮಗ ಅಜ್ಜಿಯ ಮಾತಿಗೆಲ್ಲ "ಕ್ಯಾ ನಾನಿ?" ಎನ್ನುತ್ತಿದ್ದ. ಅದಕ್ಕೆ ಗಿರಿಜಮ್ಮನನ್ನು ದೂರುವ ಯೋಗ್ಯತೆ ನನಗಿಲ್ಲ. ನನ್ನ ಮಗಳೂ ಊಟಕ್ಕೆ ಕರೆದರೆ, "ಪಪ್ಪಾ, ಆ ರಹೀ ಹೂಂ, ಒಂದು ನಿಮಿಷ" ಎಂದು ಒಂದೇ ಉಸಿರಿನಲ್ಲಿ ಎರಡು ರಾಜ್ಯ ದಾಟುತ್ತಿದ್ದಳು.

ಆ ಮನೆಯಲ್ಲಿ ಕನ್ನಡ ಕಲಿತದ್ದು ನಾಯಿ. ಅದೊಂದು ರಾಟ್‌ವೈಲರ್. ಮನೆಗೆ ಕಾವಲಿರಲಿ ಎಂದು ವಿಕ್ರಮ್ ಅದನ್ನು ಮರಿಯಾಗಿದ್ದಾಗ ತಂದು ಶೇರಾ ಎಂದು ಹೆಸರಿಟ್ಟು, ಆಮೇಲೆ ಟೂರಿನ ಮೇಲೆ ಟೂರು ಹೋಗುತ್ತಾ ಮರೆತುಬಿಟ್ಟಿದ್ದ. ಅದನ್ನು ಸಾಕಿದವರು ಗಿರಿಜಮ್ಮ. ಅವರು ಅದನ್ನು ಪುಟ್ಟ ಎನ್ನುತ್ತಿದ್ದರು. ಪುಟ್ಟನ ತಲೆ ನಮ್ಮ ಕುಕ್ಕರಿನಷ್ಟಿತ್ತು. ಎದೆ ನನ್ನದಕ್ಕಿಂತ ಅಗಲ. ಅವರು ಮಧ್ಯಾಹ್ನವೆಲ್ಲ ಅದರ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, ಬಟ್ಟೆ ಮಡಚುತ್ತಾ, ದಾವಣಗೆರೆಯ ನೆಂಟರ ಕಥೆಯನ್ನೆಲ್ಲ ಅದಕ್ಕೆ ಹೇಳುತ್ತಿದ್ದರು. ಅದು ತಲೆ ಓರೆ ಮಾಡಿ ಕೇಳುತ್ತಿತ್ತು. ಕೂತ್ಕೋ ಎಂದರೆ ಕೂರುತ್ತಿತ್ತು, ಬೇಡ ಎಂದರೆ ಹಿಂದೆ ಸರಿಯುತ್ತಿತ್ತು, ಸಾಕು ಎಂದರೆ ಬಟ್ಟಲಲ್ಲಿ ಅನ್ನ ಉಳಿದಿದ್ದರೂ ಮೂತಿ ಎತ್ತುತ್ತಿತ್ತು. "ಒಂದು ದಿನಾನೂ ಎದುರು ಮಾತಾಡಿಲ್ಲ ನೋಡಿ" ಎಂದು ಅವರು ನಮ್ಮೆದುರು ಹೆಮ್ಮೆಪಟ್ಟುಕೊಂಡಾಗ ಸುಧಾ ನನ್ನ ಮುಖ ನೋಡಿ ನಕ್ಕಿದ್ದಳು.

ತೊಂದರೆ ಎಲ್ಲಿತ್ತೆಂದರೆ ಗಿರಿಜಮ್ಮನಿಗೆ ಮಂಡಿನೋವು. ಚಳಿ ಬಿದ್ದ ಮೇಲೆ ನಾಯಿಯನ್ನು ಹೊರಗೆ ಕರೆದೊಯ್ಯಲು ಆಗುತ್ತಿರಲಿಲ್ಲ. ಹಾಗಾಗಿ ನಮ್ಮ ಗೇಟಿನ ಗಾರ್ಡ್ ಹರಿರಾಮ್‌ಗೆ ಆ ಕೆಲಸ ಒಪ್ಪಿಸಿದರು. ಬುಲಂದ್‌ಶಹರದ ಕಡೆಯ ನಡುವಯಸ್ಸಿನ ಮನುಷ್ಯ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಮುನ್ನ ಒಂದಿಬ್ಬರ ನಾಯಿಗಳನ್ನು ತಿರುಗಿಸಿಕೊಂಡು ಬರುತ್ತಿದ್ದ. ಗಿರಿಜಮ್ಮ ಅವನಿಗೆ ಹೇಳಿದ್ದು ಒಂದೇ ಮಾತು, "ಯೇ ಸಬ್ ಸಮಝ್ತಾ ಹೈ." ಎಲ್ಲ ತಿಳಿಯುತ್ತದೆ ಎಂದು ಹೇಳಿದವರು ಯಾವ ಭಾಷೆಯಲ್ಲಿ ಎಂದು ಹೇಳುವುದನ್ನು ಮರೆತರು. ಮರೆತರು ಅನ್ನುವುದೂ ತಪ್ಪು. ಅವರಿಗೆ ಅದು ಹೊಳೆದಿರಲೇ ಇಲ್ಲ. ಮೀನಿಗೆ ನೀರಿನ ಬಗ್ಗೆ ಏನು ಗೊತ್ತು.

ಲಿಫ್ಟಿನೊಳಗೆ ಒಂದು ಸೂಚನೆ ಅಂಟಿಸಿದ್ದರು. ನಗರಪಾಲಿಕೆಯ ನಿಯಮದಂತೆ ರಾಟ್‌ವೈಲರ್‌ನಂಥ ತಳಿಯನ್ನು ಇನ್ನು ಹೊಸದಾಗಿ ತರುವಂತಿಲ್ಲ, ಸಾಕುನಾಯಿಗೆ ನೋಂದಣಿಯಾಗಿರಬೇಕು, ಹುಚ್ಚಿನ ಚುಚ್ಚುಮದ್ದು ಆಗಿರಬೇಕು, ಲಿಫ್ಟಿನಲ್ಲೂ ಹೊರಗೂ ಬಾಯಿಗೆ ಮಜಲ್ ಎಂಬ ಜಾಲರಿ ಇರಬೇಕು, ಏನಾದರೂ ಆದರೆ ಹೊಣೆ ಮಾಲೀಕನದು. ಇಡೀ ಕಟ್ಟಡದಲ್ಲಿ ಅದನ್ನು ಪೂರ್ತಿಯಾಗಿ, ಅಡಿಯ ಸಣ್ಣಕ್ಷರ ಸಮೇತ, ಓದಿದವನು ನಾನೊಬ್ಬನೇ ಇರಬೇಕು. ಓದಿ ಮಾಡಿದ್ದೇನು ಎಂದರೆ, ಪುಟ್ಟ ಲಿಫ್ಟಿಗೆ ಬಂದಾಗಲೆಲ್ಲ ಮೂಲೆಗೆ ಸರಿದು ಚಾವಣಿ ನೋಡುತ್ತಾ ನಿಲ್ಲುವುದು.

ಆ ಬೆಳಗ್ಗೆಯೂ ಹಾಗೇ ನಿಂತಿದ್ದೆ. ಹೊರಗೆ ಎದುರಿನ ಕಟ್ಟಡವೂ ಕಾಣದಷ್ಟು ಮಂಜು. ಲಿಫ್ಟ್ ಹನ್ನೊಂದರಿಂದ ಇಳಿಯುವಾಗ ಒಂಬತ್ತರಲ್ಲಿ ಸವಿತಾ ಹತ್ತಿದಳು. ಕಟ್ಟಡದ ಹಲವು ಮನೆಗಳಲ್ಲಿ, ನಮ್ಮಲ್ಲಿಯೂ, ಅಡುಗೆ ಮಾಡುತ್ತಿದ್ದವಳು. ಸಣ್ಣ ಮಗಳಿದ್ದಳು, ಗಂಡ ಟೆಂಪೊ ಓಡಿಸುತ್ತಿದ್ದ. ಮಾತಿನಲ್ಲಿ ಚುರುಕು. ನನ್ನ ಮಂಕಿ ಟೋಪಿ ನೋಡಿ, "ಭಯ್ಯಾ, ಆಫೀಸಿಗೆ ಹೊರಟಿರೋ ಬ್ಯಾಂಕ್ ಲೂಟಿಗೋ?" ಎಂದು ಹಿಂದಿಯಲ್ಲಿ ಕೇಳಿದಳು. ಆರರಲ್ಲಿ ಬಾಗಿಲು ತೆರೆದು ಹರಿರಾಮ್ ನಾಯಿಯೊಡನೆ ಒಳಗೆ ಬಂದ. ಅದರ ಬಾಯಿಗೆ ಜಾಲರಿ ಇರಲಿಲ್ಲ. ಅವನ ಕೋಟಿನ ಜೇಬಿನಿಂದ ಜಾಲರಿಯ ಪಟ್ಟಿ ಇಣುಕುತ್ತಿತ್ತು.

ಏನಾಯಿತೆಂದು ಆಮೇಲೆ ಬಹಳ ಜನ ಕೇಳಿದರು. ಕಂಡದ್ದಿಷ್ಟೇ. ಸವಿತಾ ದುಪಟ್ಟಾವನ್ನು ಹೆಗಲ ಮೇಲೆ ಎಳೆದುಕೊಳ್ಳಲು ಕೈ ಬೀಸಿದಳು, ನಾಯಿ ಆ ಕೈಯನ್ನು ಹಿಡಿಯಿತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಹರಿರಾಮ್ "ಛೋಡ್, ಛೋಡ್" ಎಂದು ಕೂಗುತ್ತಾ ಹಗ್ಗ ಎಳೆದ. ಎಳೆದಷ್ಟೂ ಅದು ಬಿಗಿಯಾಗಿ ಹಿಡಿಯಿತು. ನಾನು ಮೂಲೆಯಲ್ಲಿ, ಬ್ಯಾಗನ್ನು ಎದೆಗೆ ಅವಚಿಕೊಂಡು, ಹೆದರಿಕೆ ಹೆಚ್ಚಾದಾಗ ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲಿ ಅರಚಿದೆ. "ಬಿಡೋ, ಪುಟ್ಟ ಬಿಡೋ, ಬೇಡ ಕಣೋ."

ಅದು ಬಿಟ್ಟಿತು. ಬಿಟ್ಟು, ಲಿಫ್ಟಿನ ನಡುವೆ ಕೂತು, ನನ್ನ ಮುಖ ನೋಡುತ್ತಾ ಮೋಟು ಬಾಲ ಅಲ್ಲಾಡಿಸಿತು. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಕೇಳುವಂತಿತ್ತು.

ಕೆಳಗಿಳಿದ ಕೂಡಲೇ ಸವಿತಾಳನ್ನು ಗಾರ್ಡುಗಳ ನಲ್ಲಿಯ ಹತ್ತಿರ ಕೂರಿಸಿ ಸೋಪು ಹಚ್ಚಿ ತೊಳೆಸಿದೆ. ಸಾಕು ಸಾಕು ಎಂದರೂ ಬಿಡದೆ ಬಹಳ ಹೊತ್ತು ತೊಳೆಸಿದೆ. ಇಂಥದ್ದನ್ನೆಲ್ಲ ಮೊದಲೇ ಓದಿಟ್ಟುಕೊಂಡಿರುವುದು ನನ್ನ ರೋಗ. ಅಂದು ಮಾತ್ರ ಉಪಯೋಗಕ್ಕೆ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆ ಗಾಯ ನೋಡಿ, ಸೂಜಿಗಳ ಸರಣಿ ಶುರುಮಾಡಿ, ಎರಡು ಪ್ರಶ್ನೆ ಕೇಳಿದರು. ನಾಯಿ ಯಾರದು, ಅದಕ್ಕೆ ಚುಚ್ಚುಮದ್ದು ಆಗಿದೆಯೇ. ಆಮೇಲೆ, ಕೆಲವು ದಿನ ಅದರ ಮೇಲೆ ಕಣ್ಣಿಟ್ಟಿರಿ, ಮಂಕಾದರೆ, ತಿನ್ನದಿದ್ದರೆ ತಕ್ಷಣ ತಿಳಿಸಿ ಎಂದರು. ಸವಿತಾ ನನ್ನ ಕಡೆ ನೋಡಿದಳು. "ಕೇಳಿ ಹೇಳ್ತೀನಿ" ಎಂದೆ. ಇಷ್ಟು ಸುಲಭದ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲವೆಂದು ನನಗೆ ಅಂದಾಜಿರಲಿಲ್ಲ.

ವಿಕ್ರಮ್ ಬಾಗಿಲನ್ನು ಅರ್ಧ ತೆರೆದ. "ಮೂರ್ತಿ ಜೀ, ವಕೀಲರು ಏನೂ ಹೇಳಬೇಡಿ ಅಂದಿದ್ದಾರೆ. ನಿಮಗೆ ಗೊತ್ತಲ್ಲ, ನೋಂದಣಿ ಆಗಿಲ್ಲ. ಈ ತಳಿಗೆ ಈಗ ಕೊಡ್ತಾರೋ ಇಲ್ಲವೋ ಅಂತ ನಾನು ಹೋಗೇ ಇಲ್ಲ. ನಮ್ಮದು ಅಂದ ತಕ್ಷಣ ಕೇಸು. ಆಮೇಲೆ ನನ್ನ ನೌಕರಿ, ಪಾಸ್‌ಪೋರ್ಟ್..."

"ಚುಚ್ಚುಮದ್ದು ಆಗಿದೆಯಾ ಅಷ್ಟು ಹೇಳಿ ಸಾಕು."

"ಆಗಿದೆ ಅಂದರೆ ನಮ್ಮದು ಅಂತಲೇ ಆಯಿತಲ್ಲ" ಎಂದು ಬಾಗಿಲು ಹಾಕಿಕೊಂಡ. ಕೋಪದಿಂದಲ್ಲ, ನನಗಿರುವಂಥದೇ ಒಂದು ಹೆದರಿಕೆಯಿಂದ. ಅದಕ್ಕೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ನನ್ನಿಂದ ಸರಿಯಾಗಿ ಆಗಲಿಲ್ಲ.

ಹೀಗೆ ನಾಯಿ ಕೈಯಿಂದ ಕೈಗೆ ಜಾರತೊಡಗಿತು. ವಿಕ್ರಮ್ ಪ್ರಕಾರ ಅದು ಅತ್ತೆ ಮಮ್ಮೀಜಿಯದು, ಗಿರಿಜಮ್ಮನ ಮಗಳ ಪ್ರಕಾರ ವಿಕ್ರಮ್‌ನದು. ಇಬ್ಬರ ಪ್ರಕಾರವೂ ಆ ಹೊತ್ತಿನಲ್ಲಿ ಹಗ್ಗ ಹರಿರಾಮ್‌ನ ಕೈಯಲ್ಲಿತ್ತು. ಗಾರ್ಡುಗಳನ್ನು ಒದಗಿಸುವ ಕಂಪನಿ ಹರಿರಾಮ್‌ನನ್ನು ಕೆಲಸಕ್ಕೆ ಬರಬೇಡವೆಂದಿತು. ಸೊಸೈಟಿಯ ಸೆಕ್ರೆಟರಿ ತ್ಯಾಗಿ ಸಾಹೇಬರು ನನ್ನನ್ನು ಪಾರ್ಕಿಂಗಿನಲ್ಲಿ ಹಿಡಿದು, "ಮೂರ್ತಿ ಜೀ, ಅದು ನಿಮ್ಮ ಮಾತು ಕೇಳುತ್ತಂತೆ?" ಎಂದರು. ಆ ದನಿಯಲ್ಲಿದ್ದ ಆಸಕ್ತಿ ನನಗೆ ಹಿಡಿಸಲಿಲ್ಲ. ಅವತ್ತಿನಿಂದ ಲಿಫ್ಟಿನಲ್ಲಿ ಜನ ನನ್ನನ್ನು ನೋಡುವ ರೀತಿ ಬದಲಾಯಿತು. ನಾಯಿಯ ಮಾಲೀಕ ಯಾರೆಂದು ಗೊತ್ತಾಗದಿದ್ದರೂ ನಾಯಿಗೆ ಹತ್ತಿರದವನು ಯಾರೆಂದು ಗೊತ್ತಾದಂತಿತ್ತು. ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು ನಾಯಿಹುಚ್ಚಿನ ಲಕ್ಷಣಗಳನ್ನು ಓದಿದೆ. ನಾಯಿ ನನ್ನನ್ನು ಮುಟ್ಟಿಯೂ ಇರಲಿಲ್ಲ. ಆದರೂ ನೀರಿನ ಭಯ ಬಂದಿದೆಯೇ ಎಂದು ಆಗಾಗ ಎದ್ದು ಒಂದು ಲೋಟ ಕುಡಿದು ನೋಡಿಕೊಳ್ಳುತ್ತಿದ್ದೆ. "ನಿಮಗೆ ಬಂದಿರೋದು ಬೇರೆ ಹುಚ್ಚು. ಅದಕ್ಕೆ ಸೂಜಿ ಇಲ್ಲ" ಎಂದಳು ಸುಧಾ, ಹೊದಿಕೆಯೊಳಗಿನಿಂದಲೇ.

ಸವಿತಾಳ ಭಯ ನನ್ನದರಂತೆ ಓದಿ ಬಂದದ್ದಲ್ಲ. ಅವಳ ಊರಿನಲ್ಲಿ ಚಿಕ್ಕಂದಿನಲ್ಲಿ ಪಕ್ಕದ ಮನೆಯವನೊಬ್ಬ ನಾಯಿ ಕಚ್ಚಿ ಹುಚ್ಚು ಹಿಡಿದು ಸತ್ತದ್ದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು. ಸೂಜಿ ತೆಗೆದುಕೊಳ್ಳುತ್ತಿದ್ದೀಯಲ್ಲ, ಏನೂ ಆಗುವುದಿಲ್ಲ ಎಂದು ವೈದ್ಯೆ ಹೇಳಿದರೂ ಅವಳ ತಲೆಗೆ ಹೋಗುತ್ತಿರಲಿಲ್ಲ. ಸುಧಾ ಮತ್ತು ನಾನು ನೋಡಲು ಹೋದಾಗ ಅವಳು ತನ್ನ ಲೋಟ, ತಟ್ಟೆ ಬೇರೆ ಇಟ್ಟುಕೊಂಡಿದ್ದಳು. ಮಗಳನ್ನು ಹತ್ತಿರ ಮಲಗಿಸಿಕೊಳ್ಳುತ್ತಿರಲಿಲ್ಲ. ಮಗು ಮಂಚದ ಇನ್ನೊಂದು ತುದಿಯಿಂದ ಅಮ್ಮನ ಬ್ಯಾಂಡೇಜನ್ನು ನೋಡುತ್ತಾ ಕೂತಿತ್ತು.

"ದೀದಿ, ಬಲಗೈ. ರೊಟ್ಟಿ ಲಟ್ಟಿಸೋದು ಹೇಗೆ?" ಎಂದು ಸುಧಾಳನ್ನು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಕೇಳಿದ್ರಾ ಭಯ್ಯಾ? ಅದಕ್ಕೆ ಸೂಜಿ ಹಾಕಿಸಿದ್ದರಾ?"

"ಕೇಳ್ತಾ ಇದೀನಿ."

"ನಾಯಿಗೆ ಸೂಜಿ ಹಾಕಿಸಿದ್ದಾರೋ ಇಲ್ಲವೋ ಹೇಳೋಕೆ ಇಷ್ಟು ದಿನ ಬೇಕಾ? ನನ್ನ ಮಗಳಿಗೆ ಯಾವ್ಯಾವ ಸೂಜಿ ಆಗಿದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ."

ನನ್ನ ಕೈಲಿ ಆದದ್ದನ್ನು ಮಾಡಿದೆ. ದಿನಾ ಬೆಳಗ್ಗೆ ಆರನೆಯ ಮಹಡಿಗೆ ಇಳಿದು, ಅವರ ಬಾಗಿಲ ಹೊರಗೆ ಕಳ್ಳನಂತೆ ನಿಂತು ಕಿವಿಗೊಟ್ಟು ಕೇಳುತ್ತಿದ್ದೆ. ಒಳಗೆ ಗಿರಿಜಮ್ಮನ ದನಿ. "ತಿನ್ನೋ ಪುಟ್ಟ. ಇನ್ನೊಂದ್ ತುತ್ತು." ಬಟ್ಟಲು ನೆಲಕ್ಕೆ ಉಜ್ಜುವ ಸದ್ದು ಬಂದರೆ ಸವಿತಾಳಿಗೆ ಫೋನು ಮಾಡಿ, "ಆಜ್ ಭೀ ಖಾಯಾ" ಎನ್ನುತ್ತಿದ್ದೆ. ಇವತ್ತೂ ತಿಂತು. ನನ್ನ ಹೆತ್ತವರು ಊಟ ಮಾಡಿದರೋ ಇಲ್ಲವೋ ಎಂದು ಅಷ್ಟು ನಿಷ್ಠೆಯಿಂದ ವಿಚಾರಿಸಿದವನಲ್ಲ ನಾನು.

ಒಂದು ಸಂಜೆ ಗಿರಿಜಮ್ಮ ನಮ್ಮ ಮನೆಗೆ ಬಂದರು. ಕೈಯಲ್ಲಿ ಡಬ್ಬಿ ತುಂಬ ಮಂಡಕ್ಕಿ ಒಗ್ಗರಣೆ. ಆ ಊರಿನಲ್ಲಿ ಅವರಿಗೆ ಸರಿಯಾದ ಮಂಡಕ್ಕಿ ಎಲ್ಲಿ ಸಿಗುತ್ತಿತ್ತೋ. ಕುರ್ಚಿಯ ತುದಿಯಲ್ಲಿ ಕೂತು, ಮಂಡಿ ನೀವಿಕೊಳ್ಳುತ್ತಾ ಬಹಳ ಹೊತ್ತು ಚಳಿಯ ಬಗ್ಗೆ ಮಾತಾಡಿದರು. ಕೊನೆಗೆ, "ಮೂರ್ತಿಗಳೇ, ಭಾನುವಾರ ಮೀಟಿಂಗು ಕರೆದಿದಾರಂತೆ. ಪೊಲೀಸ್ನೋರೂ ಬರ್ತಾರಂತೆ. ಕಣ್ಣಾರೆ ಕಂಡೋರು ನೀವೊಬ್ರೇ" ಎಂದರು.

"ಹೌದು."

"ನಾಯಿ ಬಾಯಿಗೆ ಜಾಲರಿ ಹಾಕಿತ್ತು, ಹರಿರಾಮ ದಾರೀಲಿ ತೆಗೆದಿರಬೇಕು ಅಂತ ಒಂದ್ ಮಾತು ಹೇಳಿಬಿಡಿ. ಅಷ್ಟಾದ್ರೆ ನಮ್ಮ ಮೇಲೆ ಬರಲ್ಲ ಅಂತ ಅಳಿಯ ಹೇಳ್ತಾನೆ. ಇಲ್ದಿದ್ರೆ ಎತ್ಕೊಂಡ್ ಹೋಗ್ತಾರೆ ಅದನ್ನ. ಅದಕ್ಕೆ ಯಾರ ಮಾತೂ ಅರ್ಥ ಆಗಲ್ಲ ಅಲ್ಲಿ. ಹೊಡೀತಾರೆ." ಡಬ್ಬಿಯನ್ನು ಮಡಿಲಿನಿಂದ ಎತ್ತಿ ಮೇಜಿನ ಮೇಲಿಟ್ಟರು. "ನೀವು ನಮ್ಮೋರು."

ನಾನು ಅವರನ್ನೂ ಅದೇ ಕೇಳಿದೆ. "ಅಮ್ಮಾ, ಚುಚ್ಚುಮದ್ದು ಹಾಕ್ಸಿದೀರಾ?"

ಅವರು ಡಬ್ಬಿಯ ಮುಚ್ಚಳ ತಿರುವುತ್ತಾ, "ಏನೂ ಹೇಳ್ಬೇಡಿ ಅಂದಿದಾನೆ ವಿಕ್ರಮ್" ಎಂದರು.

ನಾನು "ನೋಡೋಣ" ಎಂದೆ. ನನ್ನ ನೋಡೋಣಕ್ಕೆ ಇಲ್ಲ ಎಂದು ಅರ್ಥ. ಎದುರಿಗೆ ಹಾಗೆ ಹೇಳಲಾಗದ್ದಕ್ಕೆ ಹೇಳುವುದು. ಗಿರಿಜಮ್ಮ ಮಾತ್ರ ಭಾರ ಇಳಿದವರಂತೆ ಎದ್ದು, ಸುಧಾಳ ಕೈ ಹಿಡಿದು ಅದುಮಿ ಹೋದರು. ಬಾಗಿಲು ಹಾಕಿದ ಮೇಲೆ ಸುಧಾ, "ಅವರಿಗೆ ಹೂಂ ಅಂದ್ರಾ, ಉಹೂಂ ಅಂದ್ರಾ?" ಎಂದಳು.

"ನೋಡೋಣ ಅಂದೆ."

"ಅದೇ ಕೇಳಿದ್ದು. ಆ ಗಾರ್ಡಿನ ಹೆಂಡ್ತೀಗೂ ಹೋಗಿ ನೋಡೋಣ ಅನ್ನಿ ಹಾಗಾದ್ರೆ." ಮಂಡಕ್ಕಿಯನ್ನು ಅವಳು ಮುಟ್ಟಲಿಲ್ಲ. ನಾನು ತಿಂದೆ. ಆತಂಕವಾದಾಗ ನನಗೆ ಹಸಿವು ಹೆಚ್ಚು. ಬಹಳ ರುಚಿಯಾಗಿತ್ತು. ಅದರಿಂದ ಇನ್ನಷ್ಟು ಕಷ್ಟವಾಯಿತು.

ಭಾನುವಾರ ಕ್ಲಬ್ ಹೌಸಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನಾಯಿ ಸಾಕಿದವರು ಒಂದು ಕಡೆ, ಸಾಕದವರು ಇನ್ನೊಂದು ಕಡೆ, ಮದುವೆಯ ಎರಡು ಕಡೆಯವರ ಹಾಗೆ. ಒಬ್ಬರು ಎಲ್ಲ ನಾಯಿಗಳನ್ನೂ ಸೊಸೈಟಿಯಿಂದ ಹೊರಹಾಕಬೇಕೆಂದರು. ಇನ್ನೊಬ್ಬರು ಹಾಗಾದರೆ ಮೇಲಿನ ಮನೆಯವರ ಮಕ್ಕಳನ್ನೂ ಹಾಕಿ ಎಂದರು. ಎರಡು ಸಲ ಚಹಾ ಬಂತು. ಪೊಲೀಸ್ ಠಾಣೆಯಿಂದ ಬಂದಿದ್ದ ದರೋಗಾ ಶಾಲು ಹೊದ್ದು ತೂಕಡಿಸುತ್ತಿದ್ದ. ಬಾಗಿಲ ಹತ್ತಿರ ಹರಿರಾಮ್, ಸಮವಸ್ತ್ರವಿಲ್ಲದೆ, ಮಫ್ಲರ್ ಸುತ್ತಿಕೊಂಡು ನಿಂತಿದ್ದ. ಅವನನ್ನು ಸಮವಸ್ತ್ರವಿಲ್ಲದೆ ನಾನು ನೋಡಿದ್ದು ಅದೇ ಮೊದಲು, ಗುರುತೇ ಸಿಕ್ಕಿರಲಿಲ್ಲ. ಅವನಾಚೆ ಸವಿತಾ, ಗಂಡನ ಜೊತೆ.

ತ್ಯಾಗಿ ಸಾಹೇಬರು ನನ್ನನ್ನು ಎಬ್ಬಿಸಿದರು. ಗಿರಿಜಮ್ಮ ಮೂರನೆಯ ಸಾಲಿನಿಂದ ನನ್ನನ್ನೇ ನೋಡುತ್ತಿದ್ದರು. ನಾಯಿಯ ಬಾಯಿಗೆ ಜಾಲರಿ ಇರಲಿಲ್ಲ ಎಂದೆ. ಆರನೆಯ ಮಹಡಿಯಲ್ಲಿ ಬಾಗಿಲು ತೆರೆದಾಗಲೇ ಇರಲಿಲ್ಲ, ಜೇಬಿನಲ್ಲಿತ್ತು, ತೆಗೆದದ್ದನ್ನು ನಾನು ನೋಡಿಲ್ಲ ಎಂದೆ. ಹರಿರಾಮ್ ಬಿಡಿಸಲು ತನ್ನಿಂದಾದಷ್ಟು ಎಳೆದ ಎಂದೂ ಸೇರಿಸಿದೆ. ಗಿರಿಜಮ್ಮನ ಕಣ್ಣು ನನ್ನ ಮುಖದಿಂದ ಮೆಲ್ಲಗೆ ಇಳಿದು ಅವರ ಮಡಿಲಿಗೆ ಹೋಯಿತು. ಅಷ್ಟೇ. ನಾನು ಕೂತೆ.

"ಆದರೆ ಜೀ, ನಿಮ್ಮ ಮಾತು ಕೇಳಿತಲ್ಲ?" ಎಂದರು ಯಾರೋ ಹಿಂದಿನಿಂದ.

"ಕನ್ನಡದಲ್ಲಿ ಹೇಳಿದೆ, ಕೇಳಿತು."

ಸಭೆ ನಕ್ಕಿತು. ದರೋಗಾ ಕಣ್ಣು ತೆರೆದು, "ನಾಯಿ ಮದ್ರಾಸಿಯಾ?" ಎಂದ. ಇನ್ನೂ ಹೆಚ್ಚು ನಗು. ಬಾಗಿಲ ಬಳಿ ಹರಿರಾಮ್ ಮಾತ್ರ ನಗಲಿಲ್ಲ. "ಸಾಹೇಬ್, ನನಗೆ ಯಾರೂ ಹೇಳಿರಲಿಲ್ಲ" ಎಂದ. "ನಾನು ತಿಂಗಳುಗಟ್ಟಲೆ ಅದಕ್ಕೆ ಬೈಠ್ ಬೈಠ್ ಅಂತಿದ್ದೆ, ಕೂರ್ತಾನೇ ಇರಲಿಲ್ಲ. ಜಿದ್ದಿನ ನಾಯಿ ಅಂದುಕೊಂಡಿದ್ದೆ."

ದರೋಗಾ ಈಗ ಪೂರ್ತಿ ಎಚ್ಚರಗೊಂಡು ಕೇಳಿದ. "ಆಯಿತು, ನಾಯಿ ಯಾರದು?"

ವಿಕ್ರಮ್ ಎದ್ದು, ಕಾಗದದ ಮೇಲೆ ನಾಯಿ ಯಾರದೂ ಅಲ್ಲ, ಮನೆಯಲ್ಲಿ ಇರುವುದು ನಿಜ, ಊಟ ಹಾಕುವುದು ಅತ್ತೆ, ತಿರುಗಿಸುವುದು ಗಾರ್ಡ್, ಬೇಕಾದರೆ ನಾಳೆಯೇ ಪರಿಚಯದವರ ತೋಟದ ಮನೆಗೆ ಕಳಿಸಿಬಿಡುತ್ತೇನೆ, ವಿಷಯ ಮುಗಿಯಲಿ ಎಂದು ಒಳ್ಳೆಯ ಹಿಂದಿಯಲ್ಲಿ ಹೇಳಿದ. ಕೆಲವರು ತಲೆದೂಗಿದರು. ಸಭೆ ಮುಗಿಯಲಿ ಎಂಬುದೇ ಹೆಚ್ಚಿನವರಿಗೆ ಬೇಕಾಗಿತ್ತು. ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು.

ಆಗ ಸವಿತಾ ಬಾಗಿಲ ಬಳಿಯಿಂದಲೇ ಮಾತಾಡಿದಳು. ದನಿ ಎತ್ತರಿಸಲಿಲ್ಲ. "ಎಲ್ಲಿಗಾದರೂ ಕಳಿಸಿ. ಅದಕ್ಕೆ ಸೂಜಿ ಆಗಿತ್ತಾ, ಇಲ್ಲವಾ? ನಾನು ಅಷ್ಟೇ ಕೇಳೋಕೆ ಬಂದಿದ್ದು. ನನ್ನ ಮಗಳು ನನ್ನ ಹತ್ತಿರ ಮಲಗ್ತೀನಿ ಅಂತಾಳೆ. ನಾನು ಏನು ಹೇಳಲಿ ಅವಳಿಗೆ?"

ವಿಕ್ರಮ್ ಫೋನು ನೋಡುತ್ತಿದ್ದ. ನನಗೆ ಇವತ್ತಿಗೂ ಅನ್ನಿಸುವುದು, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಮೂರನೆಯ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಗಿರಿಜಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಎದ್ದರು. ಮಗಳು ಸೆರಗು ಹಿಡಿದು ಎಳೆದಳು, ಅವರು ಬಿಡಿಸಿಕೊಂಡರು. "ಹುವಾ ಹೈ" ಎಂದರು. ಅವರ ಹಿಂದಿ ತರಕಾರಿ ಗಾಡಿಯ ಭಯ್ಯಾನ ಹತ್ತಿರ ಚೌಕಾಸಿ ಮಾಡುವಷ್ಟು ಮಾತ್ರ. ಅದರಲ್ಲೇ ತಡವರಿಸುತ್ತಾ ಹೇಳಿದರು. ಸೂಜಿ ಆಗಿದೆ, ಪ್ರತಿ ವರ್ಷ ಆಗಿದೆ. ನಾನೇ ಆಟೊದಲ್ಲಿ ಕೂರಿಸಿಕೊಂಡು ಹೋಗಿದ್ದೆ. ಡಾಕ್ಟರಿಗೆ ಹೆದರಿ ಅದು ನನ್ನ ಮಡಿಲಲ್ಲಿ ಉಚ್ಚೆ ಮಾಡಿತ್ತು. ಹೋದ ಮಳೆಗಾಲದಲ್ಲೂ ಆಗಿದೆ. "ಬೇಟಿ, ತೂ ಸೋ ಜಾ ಉಸ್ಕೆ ಸಾಥ್." ನೀನು ಮಗುವಿನ ಜೊತೆ ಮಲಗಮ್ಮ.

ಅಲ್ಲಿಗೆ ಕೂತಿದ್ದರೂ ಆಗುತ್ತಿತ್ತು. ಕೂರಲಿಲ್ಲ. ಹರಿರಾಮ್‌ನ ಕಡೆ ಕೈ ತೋರಿಸಿ, "ಇಸ್ಕೋ ಮೈನೆ ಬೋಲಾ ಥಾ, ಮತ್ ಪಹ್ನಾವೋ" ಎಂದರು. ಜಾಲರಿ ಹಾಕಬೇಡ ಅಂದದ್ದು ನಾನು. ಹಾಕಿದರೆ ಅದು ಅಳುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. ಕೊನೆಯಲ್ಲಿ ದರೋಗಾನತ್ತ ತಿರುಗಿ, ಬಹುಶಃ ತಾವು ಆ ಊರಿನಲ್ಲಿ ಆಡಿದ ಅತಿ ಸ್ಪಷ್ಟವಾದ ಹಿಂದಿ ವಾಕ್ಯವನ್ನು ಹೇಳಿದರು. "ಕುತ್ತಾ ಮೇರಾ ಹೈ." ನಾಯಿ ನನ್ನದು.

ದರೋಗಾ ಪೆನ್ನು ತೆಗೆದ.

ಆಮೇಲಿನದು ಇಂಥ ವಿಷಯಗಳು ಮುಗಿಯುವ ಹಾಗೆ ಮುಗಿಯಿತು, ಸ್ವಲ್ಪ ಸ್ವಲ್ಪವಾಗಿ, ಯಾರಿಗೂ ಪೂರ್ತಿ ತೃಪ್ತಿಯಿಲ್ಲದೆ. ಗಿರಿಜಮ್ಮನ ಹೆಸರಿನಲ್ಲಿ ದೂರು ದಾಖಲಾಯಿತು, ದಂಡ ಬಿತ್ತು, ಚಿಕಿತ್ಸೆಯ ಖರ್ಚನ್ನು ಅವರೇ ಕೊಟ್ಟರು. ನಾಯಿಯನ್ನು ಪಾಲಿಕೆಯವರು ಎತ್ತಿಕೊಂಡು ಹೋಗಲಿಲ್ಲ. ತಳಿಯ ನಿಯಮ ಬರುವ ಮೊದಲಿನಿಂದ ಇದ್ದ ನಾಯಿಯೆಂದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಇಟ್ಟುಕೊಳ್ಳಬಹುದೆಂದು ಹೇಳಿದರು. ಮಾಡಿಸಿದರು. ನೋಂದಣಿಯೂ ಅವರ ಹೆಸರಿನಲ್ಲೇ ಆಯಿತು. ಸೊಸೈಟಿ ಒಂದು ಷರತ್ತು ಹಾಕಿತು. ಜಾಲರಿ ಹಾಕಿಯೇ ಲಿಫ್ಟಿಗೆ ಬರಬೇಕು, ಹಗ್ಗ ಮಾಲೀಕರ ಕೈಯಲ್ಲೇ ಇರಬೇಕು. ಹರಿರಾಮ್‌ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು, ಆದರೆ ದೂರದ ಗೇಟಿಗೆ. ಅವನು ಆಮೇಲೆ ಯಾರ ನಾಯಿಯನ್ನೂ ತಿರುಗಿಸಲಿಲ್ಲ.

ಗಿರಿಜಮ್ಮ ನನ್ನೊಡನೆ ಮಾತು ಬಿಟ್ಟರು. ಎದುರಾದರೆ "ನಮಸ್ತೇ ಜೀ" ಎಂದು ಹಿಂದಿಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಅದಕ್ಕಿಂತ ಅವರು ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಸವಿತಾ ಗಾಯ ಮಾಗಿದ ಮೇಲೆ ಕೆಲಸಕ್ಕೆ ಬಂದಳು. ಕೆಲವು ಮನೆಯವರು ಅಷ್ಟರಲ್ಲಿ ಬೇರೆಯವರನ್ನು ಇಟ್ಟುಕೊಂಡಿದ್ದರು. ಬಲಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ರೊಟ್ಟಿಗಳು ಒಂದು ಕಡೆ ದಪ್ಪವಾಗುತ್ತಿದ್ದವು. ಸುಧಾ ಏನೂ ಹೇಳುತ್ತಿರಲಿಲ್ಲ. ನಾನು ದಪ್ಪ ಕಡೆಯಿಂದಲೇ ತಿನ್ನಲು ಶುರುಮಾಡುತ್ತಿದ್ದೆ.

ಅವಳು ಬಂದ ಮೊದಲ ದಿನವೇ ನೆಲಮಹಡಿಯಲ್ಲಿ ಲಿಫ್ಟ್ ಬಾಗಿಲು ತೆರೆದಾಗ ಒಳಗೆ ಗಿರಿಜಮ್ಮ ನಾಯಿಯೊಡನೆ ನಿಂತಿದ್ದರು. ನಾಯಿಯ ಬಾಯಿಗೆ ಜಾಲರಿ ಇತ್ತು, ಹಗ್ಗ ಅವರ ಕೈಗೆ ಎರಡು ಸುತ್ತು ಸುತ್ತಿತ್ತು. ನಿಯಮದಲ್ಲಿ ಏನೇನೂ ತಪ್ಪಿರಲಿಲ್ಲ. ಸವಿತಾ ಹಿಂದೆ ಸರಿದು, ಮೆಟ್ಟಿಲ ಬಾಗಿಲು ತಳ್ಳಿ, ಹನ್ನೊಂದನೆಯ ಮಹಡಿಯವರೆಗೂ ಹತ್ತಿಕೊಂಡು ಬಂದಳು. ನಮ್ಮ ಅಡುಗೆಮನೆಯಲ್ಲಿ ನೀರು ಕುಡಿದು, ಬಹಳ ಹೊತ್ತು ಏದುಸಿರು ಬಿಡುತ್ತಾ ಕೂತಿದ್ದಳು. ಆ ವಾರವೆಲ್ಲ ಹಾಗೇ ಹತ್ತಿದಳು.

ಮುಂದಿನ ವಾರ ಬಿಸಿಲು ಸ್ವಲ್ಪ ಕಾಣಿಸಿಕೊಂಡ ಒಂದು ಬೆಳಗ್ಗೆ ನಾನು ಹಾಲು ತಂದು ಲಿಫ್ಟಿಗೆ ಕಾಯುತ್ತಿದ್ದೆ. ಸವಿತಾ ಬಂದು, ಲಿಫ್ಟ್ ಖಾಲಿಯಿದೆಯೇ ಎಂದು ಇಣುಕಿ ನೋಡಿ, ನನ್ನ ಜೊತೆ ಒಳಗೆ ಬಂದಳು. ಎರಡನೆಯ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿ ಹೊರಟುಹೋಗಿದ್ದರು. ಬಾಗಿಲು ತೆರೆದುಕೊಂಡು ನಿಂತಿತು. ಪಕ್ಕದ ಮೆಟ್ಟಿಲ ಕಡೆಯಿಂದ ಉಗುರುಗಳು ಕಲ್ಲಿಗೆ ತಾಕುವ ಸದ್ದು, ಅದರ ಹಿಂದೆ ಕಂಬಿಯನ್ನು ಹಿಡಿದು ಬಿಟ್ಟು ಹಿಡಿಯುವ ಬಳೆಯ ಸದ್ದು. ಗಿರಿಜಮ್ಮ ಆರನೆಯ ಮಹಡಿಯಿಂದ ಮೆಟ್ಟಿಲು ಇಳಿಯುತ್ತಿದ್ದರು. ಹಾಗೆ ಇಳಿಯಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಯಾವ ನಿಯಮದಲ್ಲೂ ಬರೆದಿರಲಿಲ್ಲ, ನಾನು ಸಣ್ಣಕ್ಷರ ಸಮೇತ ಓದಿದ್ದೇನೆ. ಒಂದೊಂದು ಮೆಟ್ಟಿಲಿಗೂ ನಿಂತು, ಅವರು ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದರು. "ನಿಧಾನ. ನಿಧಾನ."

ಸವಿತಾ ಚೀಲವನ್ನು ಎದೆಗೆ ಒತ್ತಿಕೊಂಡು ಕೇಳಿದಳು. "ಏನಂತಾರೆ ಭಯ್ಯಾ ಅವರು?"

"ಮೆಲ್ಲಗೆ ನಡಿ ಅಂತಾರೆ."

ಅವಳು ಇನ್ನೊಂದು ಕ್ಷಣ ಕಿವಿಗೊಟ್ಟಳು. "ನಾಯಿಗೋ, ಮಂಡಿಗೋ?" ಎಂದಳು.

ಆಮೇಲೆ ಬಾಗಿಲು ಮುಚ್ಚುವ ಗುಂಡಿಯನ್ನು ಎಡಗೈಯಲ್ಲಿ ಒತ್ತಿದಳು.